ಕರೆಂಟ್ ಹೋದಾಗ ಕಂಡ ಹಸು

ನಮ್ಮ ಮ್ಯೂಸಿಯಂನ ಶಿಲ್ಪ ಗ್ಯಾಲರಿಗೆ ಹೊಸ ಸ್ಪಾಟ್‌ಲೈಟ್ ಬಂದಿದ್ದು ಟೆಂಡರ್ ಮೂಲಕ. ಎಷ್ಟು ಲೈಟು, ಎಷ್ಟು ವ್ಯಾಟು ಅಂತ ಟೆಂಡರ್‌ನಲ್ಲಿ ಬರೆದಿತ್ತು. ಯಾವ ಕಡೆಯಿಂದ ಬೀಳಬೇಕು ಅಂತ ಬರೆದಿರಲಿಲ್ಲ. ಹಾಗಾಗಿ ಗುತ್ತಿಗೆದಾರರು ಎಲ್ಲವನ್ನೂ ಎದುರಿನಿಂದಲೇ ಹಾಕಿಕೊಟ್ಟರು, ಕಲ್ಲಿನ ಮುಖಕ್ಕೆ ನೇರವಾಗಿ. ಗ್ಯಾಲರಿ ಝಗಮಗ ಅಂತಿತ್ತು. ಫೋಟೋ ಚೆನ್ನಾಗಿ ಬಂತು. ಬಿಲ್ ಪಾಸಾಯಿತು.

ಆ ದಿನ ಶಾಲೆಯ ಬ್ಯಾಚ್ ಇತ್ತು. ಒಂದು ಸೆಕ್ಷನ್ ಅಂತ ಪತ್ರ ಕಳಿಸಿ ಎರಡು ಸೆಕ್ಷನ್ ಕರೆದುಕೊಂಡು ಬಂದಿದ್ದರು, ಅದೇನು ಹೊಸದಲ್ಲ. ಮಕ್ಕಳು ಬಂದವರೇ ಲೇಬಲ್ ಬರೆದುಕೊಳ್ಳಲು ಶುರು ಮಾಡಿದರು. ಲೇಬಲ್ ಬರೆದುಕೊಂಡರೆ ಮ್ಯೂಸಿಯಂ ನೋಡಿದ ಹಾಗೆ ಅಂತ ಈ ಮಕ್ಕಳಿಗೆ ಯಾರು ಹೇಳಿಕೊಟ್ಟರೋ! ತಲೆ ಎತ್ತಿ ಕಲ್ಲನ್ನು ನೋಡಿದವರು ಕಡಿಮೆ. ನೋಡಿದರೂ ಏನು ಕಾಣಬೇಕು? ಎದುರಿನ ಬೆಳಕಿಗೆ ಕೆತ್ತನೆಯೆಲ್ಲ ಚಪ್ಪಟೆಯಾಗಿ ಹೋಗಿತ್ತು.

ವೀರಗಲ್ಲುಗಳ ಸಾಲಿನ ಮುಂದೆ ನಿಂತು ನನ್ನ ಮಾಮೂಲಿ ಭಾಷಣ ಶುರು ಮಾಡಿದ್ದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ, ಚಂದ್ರ, ಅವು ಇರುವ ತನಕ ಈ ಹೆಸರೂ ಇರಲಿ ಅಂತ. ಅಷ್ಟರಲ್ಲಿ ಕರೆಂಟ್ ಹೋಯಿತು.

ಪ್ಯಾನೆಲ್ ಹಾಕುವಾಗ ಕಿಟಕಿಗಳನ್ನೆಲ್ಲ ಪ್ಲೈವುಡ್ ಹೊಡೆದು ಮುಚ್ಚಿದ್ದರು. ಕಣ್ಣಿಗೆ ಏನೂ ಕಾಣಿಸದಷ್ಟು ಕತ್ತಲೆ. ಎರಡು ಸೆಕ್ಷನ್ ಮಕ್ಕಳು ಒಟ್ಟಿಗೆ ಕಿರುಚಿದರು. ಯುಪಿಎಸ್ ಇರುವುದು ಸಿಸಿಟಿವಿಗೆ ಮಾತ್ರ, ಅಂದರೆ ಕತ್ತಲೆಯನ್ನು ರೆಕಾರ್ಡ್ ಮಾಡುವುದಕ್ಕೆ. ಹೊರಗಿನಿಂದ ಗಾರ್ಡ್ ಕೂಗಿದರು, "ಸಾರ್, ಜನರೇಟರ್ ಸ್ಟಾರ್ಟ್ ಆಗ್ತಿಲ್ಲ!"

ನನಗೆ ಹೆದರಿಕೆ ಇದ್ದದ್ದು ಬಾಗಿಲ ಪಕ್ಕದ ಷೋಕೇಸಿನದು. ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳು, ಎಲ್ಲವೂ ಚೂರು ಜೋಡಿಸಿದವು. ಗಾಜು ಹಳೆಯದು. ಒಂದು ಹುಡುಗ ಓಡಿದರೆ ಸಾಕು. "ಯಾರೂ ಕದಲಬೇಡಿ, ನಿಂತಲ್ಲೇ ಕೂತ್ಕೊಳ್ಳಿ" ಅಂತ ಕೂಗಿದೆ. ನಿಂತಲ್ಲೇ ಕೂರುವುದು ಹೇಗೆ ಅಂತ ಯಾರೋ ನಕ್ಕರು. ಷೋಕೇಸಿಗೆ ಬೆನ್ನು ಕೊಟ್ಟು ಕೈ ಅಗಲಿಸಿ ನಿಂತೆ. ಕತ್ತಲೆಯಲ್ಲಿ ಪುಟ್ಟ ಪುಟ್ಟ ಕೈಗಳು ನನ್ನ ಷರ್ಟು ಹಿಡಿದುಕೊಂಡವು.

ಆಗ ಮೇಡಂ ಒಬ್ಬರು ನೆಲ ಕಾಣಲಿ ಅಂತ ಮೊಬೈಲ್ ಟಾರ್ಚ್ ಹಾಕಿ ಪೀಠದ ಅಂಚಿನಲ್ಲಿ ಇಟ್ಟರು. ನಾನು ಅಭ್ಯಾಸಬಲದಿಂದ, "ಮೇಡಂ, ಆಫ್ ಮಾಡಿ, ಇಲ್ಲಿ ಫ್ಲ್ಯಾಶ್ ನಿಷೇಧ" ಅಂದೆ.

"ಮಕ್ಕಳು ಬಿದ್ದರೆ ನೀವು ಎತ್ತುತ್ತೀರಾ?" ಅಂದರು. ಉತ್ತರ ಇರಲಿಲ್ಲ.

ಆ ನಿಷೇಧಕ್ಕೆ ಅರ್ಥ ಇರುವುದು ತಾಳೆಗರಿ, ಕಾಗದ, ಬಟ್ಟೆಯ ವಿಷಯದಲ್ಲಿ. ಅವುಗಳ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟಬಾರದು ಅನ್ನುತ್ತೇವೆ. ಶತಮಾನಗಟ್ಟಲೆ ಬಿಸಿಲಲ್ಲಿ ನಿಂತು ಬಂದ ಕಲ್ಲಿಗೆ ಮೊಬೈಲ್ ಟಾರ್ಚಿನಿಂದ ಏನಾಗುತ್ತೆ? ಆದರೆ ಬೋರ್ಡ್ ಒಂದೇ, ಎಲ್ಲ ಗ್ಯಾಲರಿಗೂ ಅದನ್ನೇ ಹೊಡೆದಿದ್ದಾರೆ.

"ಸಾರ್, ಇಲ್ಲಿ ಹಸು ಇವೆ" ಅಂತ ಒಂದು ಹುಡುಗಿಯ ದನಿ.

"ಕುದುರೆ ಕಣಮ್ಮಾ. ಲೇಬಲ್ ನೋಡು, ಯುದ್ಧದ ದೃಶ್ಯ ಅಂತಿದೆ."

"ಕೊಂಬಿದೆ ಸಾರ್."

ತಿರುಗಿ ನೋಡಿದೆ. ಟಾರ್ಚಿನ ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಪಕ್ಕದಿಂದ ಹೋಗುತ್ತಿತ್ತು. ಸಣ್ಣ ಉಬ್ಬಿಗೂ ನೆರಳು. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ದನ, ಸವೆದಿದ್ದರೂ ಕೊಂಬು ಸ್ಪಷ್ಟ. ಪಟ್ಟಿಗಳ ನಡುವೆ ಅಕ್ಷರ ಎದ್ದು ನಿಂತಿದ್ದವು. ಮೇಡಂ ಬಗ್ಗಿ "ಸ್ವಸ್ತಿ ಶ್ರೀ" ಅಂತ ಓದಿದರು. ಅಲ್ಲಿಗೆ ಷರ್ಟು ಹಿಡಿದಿದ್ದವರೂ ಬಿಟ್ಟು ಆ ಕಡೆ ಹೋದರು. ಕರೆಂಟ್ ಬಂದಾಗ "ಅಯ್ಯೋ" ಅಂದರು ಮಕ್ಕಳು. ಹಸುಗಳೂ ಹೋಗಿದ್ದವು.

ಶಾಸನ ಓದುವವರಿಗೆ ಇದು ಗೊತ್ತಿರುವ ವಿಷಯವೇ. ಹೊಲದಲ್ಲಿ ನಿಂತ ಕಲ್ಲನ್ನು ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಲ್ಲಿ ಓದುತ್ತಾರೆ. ಮಧ್ಯಾಹ್ನ ಹೋದರೆ ಒದ್ದೆ ಕಾಗದ ಅಂಟಿಸಿ, ಬ್ರಷ್‌ನಲ್ಲಿ ಬಡಿದು, ಮಸಿ ಹಾಕಿ ಅಚ್ಚು ತೆಗೆಯಬೇಕು. ನಾವು ಲಕ್ಷಗಟ್ಟಲೆ ಖರ್ಚು ಮಾಡಿ ಗ್ಯಾಲರಿಯೊಳಗೆ ಶಾಶ್ವತ ಮಧ್ಯಾಹ್ನ ಮಾಡಿಟ್ಟಿದ್ದೆವು.

ಬ್ಯಾಚ್ ಹೋದ ಮೇಲೆ ಮ್ಯೂಸಿಯಂಗೆ ಬಂದ ವಸ್ತುಗಳನ್ನು ದಾಖಲಿಸುವ ಅಕ್ಸೆಷನ್ ರಿಜಿಸ್ಟರ್ ತೆಗೆದೆ. ಕಲ್ಲು ತಂದ ಊರಿನ ಹೆಸರಿತ್ತು. ಬಿ. ಎಲ್. ರೈಸ್ 1886ರಲ್ಲಿ ಶುರು ಮಾಡಿದ ಎಪಿಗ್ರಾಫಿಯ ಕರ್ನಾಟಿಕ ಅನ್ನುವ ಶಾಸನಸಂಗ್ರಹದ ಸಂಪುಟದಲ್ಲಿ ಆ ಊರು ಹುಡುಕಿದರೆ ಕಲ್ಲಿನ ಶಾಸನದ ಪಾಠವೂ ಸಿಕ್ಕಿತು. ತುರುಗೋಳ್! ಊರ ದನಗಳನ್ನು ಹೊಡೆದುಕೊಂಡು ಹೋದವರನ್ನು ತಡೆದು, ದನ ಬಿಡಿಸಿ ಸತ್ತವನ ಕಲ್ಲು ಅದು. ಕುದುರೆಯ ಸುದ್ದಿಯೇ ಇಲ್ಲ. ಸಂಪುಟ ನಮ್ಮ ಲೈಬ್ರರಿಯ ಬೀರುವಿನಲ್ಲೇ ಇತ್ತು. ಲೇಬಲ್ ಬರೆದವರು ಅದನ್ನು ತೆರೆದಿರಲಿಲ್ಲ, ಲೇಬಲ್ ನೋಡಿ ಮಾತಾಡುವ ನಾವೂ ತೆರೆದಿರಲಿಲ್ಲ.

ಈಗ ಶಾಲೆಯ ಬ್ಯಾಚ್ ಬಂದರೆ ಆ ಸಾಲಿನ ಸ್ಪಾಟ್‌ಲೈಟ್ ಆರಿಸುತ್ತೇನೆ. ಒಂದು ಟಾರ್ಚನ್ನು ಮಕ್ಕಳ ಕೈಗೇ ಕೊಡುತ್ತೇನೆ. ನೋಟ್‌ಬುಕ್ ಆಮೇಲೆ. ಹಸು ಸಿಕ್ಕ ಮೇಲೆ ಆತಕೂರಿನ ಕಲ್ಲಿನ ಕಥೆ ಹೇಳುತ್ತೇನೆ. ಹಂದಿಯ ಜೊತೆ ಕಾದಾಡಿ ಸತ್ತ ಕಾಳಿ ಅನ್ನುವ ಬೇಟೆನಾಯಿಯ ನೆನಪಿಗೆ ಸುಮಾರು 949-50ರಲ್ಲಿ ನಿಲ್ಲಿಸಿದ ಕಲ್ಲು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಅಂದರೆ ಸಾಕು, ಹಿಂದಿನ ಸಾಲಿನವರೂ ಮುಂದೆ ಬರುತ್ತಾರೆ.

ತಪಾಸಣೆಗೆ ಬಂದ ಸಾಹೇಬರು ಲೈಟ್ ಆರಿಸಿದ್ದು ನೋಡಿ, "ಹೊಸ ಫಿಟ್ಟಿಂಗ್ ಯಾಕೆ ಬಳಸ್ತಿಲ್ಲ?" ಅಂತ ಕೇಳಿದರು. ಟಾರ್ಚ್ ಹಿಡಿದು ತೋರಿಸಿದೆ. "ಚೆನ್ನಾಗಿದೆ, ಆದರೆ ನೆರಳು ಜಾಸ್ತಿ" ಅಂದರು. ಟಾರ್ಚಿನ ಸೆಲ್ಲಿಗೆ ಹಾಕಿದ ಇಂಡೆಂಟ್ ವಾಪಸ್ ಬಂದಿದೆ. ಲೇಬಲ್ ತಿದ್ದುವ ಕಡತ ಕಳಿಸಿದ್ದಕ್ಕೆ ಷರಾ ಬಂತು: "ಸದರಿ ಪ್ರಾಣಿಯು ಹಸುವೇ ಎಂಬ ಬಗ್ಗೆ ತಜ್ಞರ ಅಭಿಪ್ರಾಯ ಪಡೆದು ಮಂಡಿಸುವುದು."