ಯುಎಫ್‌ಸಿ 5: ಮೂಗು ಮುರಿಯೋದು ಚೆನ್ನಾಗಿದೆ, ನೆಲಕ್ಕೆ ಬಿದ್ದ ಮೇಲೆ ಕಷ್ಟ

ಯುಎಫ್‌ಸಿ ಅಂದರೆ ಗುದ್ದು, ಒದೆತ, ಕುಸ್ತಿ ಎಲ್ಲಾ ಸೇರಿದ ಅಮೆರಿಕದ ಕಾದಾಟದ ಪಂದ್ಯಾಟ. ಅದರ ಮೇಲೆ ಇಎ ಕಂಪನಿ ಮಾಡುವ ವಿಡಿಯೋ ಗೇಮ್ ಸರಣಿಯಲ್ಲಿ ಯುಎಫ್‌ಸಿ 4 ಆಡಿದವರು ಯುಎಫ್‌ಸಿ 5 ಹಾಕಿದರೆ ಮೊದಲು ನೋಡೋದು ಮುಖಗಳನ್ನು. ಹಳೆ ಆಟದಲ್ಲಿ ಎಷ್ಟು ಚಚ್ಚಿದರೂ ಕೆನ್ನೆ ಕೆಂಪಾಗುತ್ತಿತ್ತು, ಒಂದೆರಡು ಕಡೆ ಕೊಯ್ದುಕೊಳ್ಳುತ್ತಿತ್ತು, ಅಷ್ಟೇ. ಇಲ್ಲಿ ಹುಬ್ಬಿನ ಮೇಲೆ ಒಂದು ಮೊಣಕೈ ಬಿದ್ದರೆ ಸಣ್ಣ ಗೀರು. ಅದೇ ಜಾಗಕ್ಕೆ ಮತ್ತೆ ಬಿದ್ದರೆ ಗೀರು ಬಾಯಿ ಬಿಡುತ್ತದೆ, ರಕ್ತ ಕಣ್ಣಿಗಿಳಿಯುತ್ತದೆ, ಎದುರಾಳಿಯ ಮೈಗೂ ಹತ್ತುತ್ತದೆ. ಮೂರನೇ ಸುತ್ತಿನ ಹೊತ್ತಿಗೆ ಮ್ಯಾಟ್ ಕುರಿ ಕಡಿದ ಜಾಗದ ಹಾಗಿರುತ್ತದೆ. ಅಮೆರಿಕದಲ್ಲಿ 17 ತುಂಬಿದವರಿಗೆ ಮಾತ್ರ ಅನ್ನೋ ಎಮ್ ರೇಟಿಂಗ್ ಇಎಯ ಈ ಸರಣಿಗೆ ಮೊದಲ ಸಲ ಬಿದ್ದದ್ದು ಸುಮ್ನೆ ಅಲ್ಲ.

ಇದಕ್ಕೆ ಇಎ ಇಟ್ಟಿರುವ ಹೆಸರು ರಿಯಲ್ ಇಂಪ್ಯಾಕ್ಟ್ ಸಿಸ್ಟಮ್. ಮುಖದ ಗಾಯ 64,000 ಥರ ಬರಬಹುದು ಅಂತ ಅವರ ಲೆಕ್ಕ. ಎಣಿಸೋಕೆ ಯಾರಿಗೆ ಪುರುಸೊತ್ತು! ನನಗೆ ಹಿಡಿಸಿದ್ದು ಲೆಕ್ಕ ಅಲ್ಲ, ಗಾಯಕ್ಕೆ ಬೆಲೆ ಕೊಟ್ಟಿರೋದು. ಮೂಗು ಮುರಿದರೆ ದಮ್ಮು ಬೇಗ ವಾಪಸ್ ಬರೋಲ್ಲ. ಕಣ್ಣು ಊದಿಕೊಂಡರೆ ಆ ಕಡೆಯ ಏಟು ತಡೆಯೋದು ಕಷ್ಟ. ಕಾಲಿಗೆ ಜಾಸ್ತಿ ತಿಂದರೆ ಕಾಲು ಎಳೆಯುತ್ತಾ ಓಡಾಡಬೇಕು.

2024ರ ಏಪ್ರಿಲ್‌ನಲ್ಲಿ ಯುಎಫ್‌ಸಿ 300 ನಡೆಯಿತಲ್ಲ, ಅದು ಗೇಮ್ ಅಲ್ಲ, ನಿಜವಾದ ಕಾದಾಟ, ಮ್ಯಾಕ್ಸ್ ಹಾಲೋವೇ ಮತ್ತು ಜಸ್ಟಿನ್ ಗೇಚಿ ಆಡಿದ್ದು. ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ, ನಮಗೆ ಭಾನುವಾರ ಬೆಳಗ್ಗೆ. ಮನೆಯಲ್ಲಿ ದೋಸೆ ಹುಯ್ಯುವ ಹೊತ್ತು, ನಾನು ಟಿವಿ ಮುಂದೆ. ಮೊದಲ ಸುತ್ತಿನ ಕೊನೆಯಲ್ಲಿ ಹಾಲೋವೇ ತಿರುಗಿ ಒದ್ದ ಒದೆತಕ್ಕೆ ಗೇಚಿ ಮೂಗು ಹೋಯಿತು. ಐದನೇ ಸುತ್ತು ಮುಗಿಯೋಕೆ ಹತ್ತು ಸೆಕೆಂಡ್ ಇರುವಾಗ ಹಾಲೋವೇ ನೆಲ ತೋರಿಸಿ, ಇಲ್ಲೇ ನಿಂತು ಹೊಡೆದಾಡೋಣ ಬಾ ಅಂದ. ಗೆಲ್ಲುತ್ತಿರುವವನು ಓಡಾಡಿಕೊಂಡು ಗಂಟೆ ಹೊಡೆಯೋವರೆಗೆ ಕಾಯೋದು ಬಿಟ್ಟು! 4:59ಕ್ಕೆ ಗೇಚಿ ಮಕಾಡೆ ಬಿದ್ದ.

ದೋಸೆ ತಿಂದು ಕೈ ತೊಳೆದವನೇ ಅದೇ ಜೋಡಿ ಹಾಕಿ ಆಡಿದೆ. ಬೇಕಂತಲೇ ಗೇಚಿಯನ್ನು ತಗೊಂಡೆ. ಎರಡನೇ ಸುತ್ತಲ್ಲಿ ಮೂಗು ಮುರಿಯಿತು. ಅಲ್ಲಿಂದ ಆಟವೇ ಬೇರೆ. ಅಲ್ಲೀತನಕ ನಾಲ್ಕು ನಾಲ್ಕು ಏಟು ಜೋಡಿಸಿ ಹೊಡೆಯುತ್ತಿದ್ದವನು ಈಗ ಎರಡಕ್ಕೇ ಏದುಸಿರು. ಹಿಂದೆ ಸರಿದು ನಿಂತರೆ ದಮ್ಮಿನ ಪಟ್ಟಿ ಆಮೆ ಥರ ಏರುತ್ತದೆ, ಅಷ್ಟರಲ್ಲಿ ಹಾಲೋವೇ ಮೇಲೆ ಬಿದ್ದಿರುತ್ತಾನೆ. ಬೆಳಗ್ಗೆ ನೋಡಿದ ಕಾದಾಟವನ್ನು ಮಧ್ಯಾಹ್ನ ಕೈಯಲ್ಲಿ ಹಿಡಿದು ಅನುಭವಿಸೋದು ಅಂದರೆ ಇದು. ಯುಎಫ್‌ಸಿ 4ರಲ್ಲಿ ಇದು ಸಿಗುತ್ತಿರಲಿಲ್ಲ.

ಡಾಕ್ಟರ್ ವಿಷಯ ಇನ್ನೂ ಚೆನ್ನಾಗಿದೆ. ಗಾಯ ಜೋರಾದರೆ ರೆಫ್ರಿ ಆಟ ನಿಲ್ಲಿಸಿ ಡಾಕ್ಟರನ್ನು ಕರೆಯುತ್ತಾನೆ. ಡಾಕ್ಟರ್ ಬಂದು ನೋಡಿ, ಆಡಲಿ ಅನ್ನಬಹುದು, ಸಾಕು ಅನ್ನಬಹುದು. ಆಡಲಿ ಅಂದಮೇಲೂ ನಿಮಗೆ ಗೊತ್ತು, ಆ ಕಣ್ಣಿಗೆ ಇನ್ನೊಂದು ಬಿದ್ದರೆ ಕಥೆ ಮುಗೀತು. ಎದುರಾಳಿಗೂ ಗೊತ್ತು. ಅವನು ಬೇರೇನೂ ಮಾಡೋಲ್ಲ, ಬರೀ ಆ ಕಣ್ಣನ್ನೇ ಹುಡುಕುತ್ತಾನೆ. ಪಾಯಿಂಟ್‌ನಲ್ಲಿ ಗೆಲ್ಲುತ್ತಿದ್ದವನು ಹೀಗೆ ಸೋತಾಗ ಕಂಟ್ರೋಲರ್ ಬಿಸಾಡೋಣ ಅನ್ನಿಸುತ್ತದೆ, ನಿಜ. ಆದರೂ ಇದು ಇರಬೇಕು. ಈ ಭಯ ಇಲ್ಲದೆ ರಕ್ತ ಬರೀ ಅಲಂಕಾರ.

ಆಟದ ಡಬ್ಬಿಯ ಕವರ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಅಲೆಕ್ಸಾಂಡರ್ ವೋಲ್ಕನೋವ್ಸ್ಕಿ, ವ್ಯಾಲೆಂಟಿನಾ ಶೆವ್ಚೆಂಕೊ, ಡಿಲಕ್ಸ್ ಡಬ್ಬಿ ಮೇಲೆ ಇಸ್ರೇಲ್ ಅಡೆಸನ್ಯಾ. ಮೂವರೂ ಯುಎಫ್‌ಸಿ ಆಟಗಾರರು. ಆಟ ಬಂದದ್ದು 2023ರ ಅಕ್ಟೋಬರ್ 27ಕ್ಕೆ, ಅಷ್ಟರಲ್ಲಿ ಮೂವರಿಗೂ ಗ್ರಹಚಾರ ಕೆಟ್ಟಿತ್ತು. ಆ ಸೆಪ್ಟೆಂಬರ್‌ನಲ್ಲಿ ಅಡೆಸನ್ಯಾ ಚಾಂಪಿಯನ್ ಬೆಲ್ಟ್ ಕಳಕೊಂಡ. ಶೆವ್ಚೆಂಕೊ ಕಳಕೊಂಡ ಬೆಲ್ಟ್ ವಾಪಸ್ ತರೋಕೆ ಹೋಗಿ ಡ್ರಾ ಮಾಡಿಕೊಂಡಳು. ವೋಲ್ಕನೋವ್ಸ್ಕಿ ಅಕ್ಟೋಬರ್ 21ಕ್ಕೆ ಅಬುಧಾಬಿಯಲ್ಲಿ ಇಸ್ಲಾಂ ಮಖಚೇವ್ ಕಾಲಲ್ಲಿ ತಲೆಗೆ ಒದೆಸಿಕೊಂಡು ಮೊದಲ ಸುತ್ತಲ್ಲೇ ಮಲಗಿದ. ಅದೇ ರಾತ್ರಿ ನಮ್ಮ ದೇಶದ ಅಂಶುಲ್ ಜುಬ್ಲಿ ಕಣಕ್ಕಿಳಿದು ಮೂರನೇ ಸುತ್ತಲ್ಲಿ ನಾಕೌಟ್ ಆದ. ಪಾಪ, ಅವನು ಯಾವ ಕವರ್ ಮೇಲೂ ಇರಲಿಲ್ಲ.

ಸರಿ, ಈಗ ನೆಲದಾಟ. ನನ್ನ ತಕರಾರು ಪೂರ್ತಿ ಇರೋದು ಇಲ್ಲೇ.

ನಾನು ದಾವಣಗೆರೆಯವನು. ಊರಲ್ಲಿ ಕುಸ್ತಿಯ ಹುಚ್ಚು ಹೇಗಿರುತ್ತೆ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ. ನನ್ನ ಸೋದರಮಾವ ವಯಸ್ಸಲ್ಲಿ ಗರಡಿಯಲ್ಲಿ ಮಣ್ಣು ತಿಂದವರು. ಈಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಾರೆ, ಆದರೆ ಕಣ್ಣು ಇನ್ನೂ ಪೈಲ್ವಾನನದೇ. ಬೆಂಗಳೂರಿಗೆ ಬಂದಾಗ ನಾನು ಮಖಚೇವ್‌ನಲ್ಲಿ ಆಡೋದನ್ನು ಪಕ್ಕದಲ್ಲಿ ಕೂತು ನೋಡಿದರು. ಟೇಕ್‌ಡೌನ್ ಮಾಡಿ ಎದುರಾಳಿಯನ್ನು ಅಂಗಾತ ಕೆಡವಿದೆ.

“ಬೆನ್ನು ಹತ್ತಿತಲ್ಲೋ, ಮುಗೀತು. ಇನ್ನೂ ಯಾಕೆ ಹೊಡೀತಾನೆ?”

“ಇದರಲ್ಲಿ ಬೆನ್ನು ಹತ್ತಿದರೂ ಮುಗಿಯಲ್ಲ ಮಾವ. ಕೆಳಗಿರೋನೂ ಕತ್ತು ಹಿಡಿದು ಗೆಲ್ಲಬಹುದು.”

ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಅಷ್ಟರಲ್ಲಿ ಎದುರಾಳಿ ನನ್ನನ್ನು ತಳ್ಳಿ ಎದ್ದು ನಿಂತ.

“ಮೇಲಿರೋನು ಭಾರ ಬಿಡ್ತಾನೇ ಇಲ್ಲಲ್ಲೋ. ಎದೆ ಎತ್ಕೊಂಡು ಕೂತಾನೆ. ಹಿಂಗ್ ಕೂತ್ರೆ ನಮ್ ಗರಡೀಲಿ ಸಣ್ ಹುಡುಗ್ರೂ ಎದ್ ಬರ್ತಾರೆ.”

ಗೇಮ್ ಬಗ್ಗೆ ಏನೂ ಗೊತ್ತಿಲ್ಲದ ಮನುಷ್ಯ ಸರಿಯಾದ ಜಾಗಕ್ಕೇ ಕೈ ಹಾಕಿದ್ದರು. ಭಾರ ಇಲ್ಲ. ನಿಜವಾದ ಮಖಚೇವ್ ಮೇಲೆ ಕೂತರೆ ಕೆಳಗಿನವನಿಗೆ ಉಸಿರಾಡೋದೇ ಒಂದು ಕೆಲಸ. ಏಟು ಬೀಳದಿದ್ದರೂ ಸುತ್ತಿನ ಆ ಐದು ನಿಮಿಷದಲ್ಲಿ ಅವನ ಅರ್ಧ ಶಕ್ತಿ ಹೋಗಿರುತ್ತದೆ. ಆಟದಲ್ಲಿ ಆ ಹಿಂಡುವಿಕೆ ಕೈಗೆ ಹತ್ತೋದೇ ಇಲ್ಲ. ನಿಂತು ಹೊಡೆಯುವಾಗ ಮೂಗಿಗೊಂದು ಬೆಲೆ, ಕಣ್ಣಿಗೊಂದು ಬೆಲೆ ಇಟ್ಟವರು ಭಾರಕ್ಕೆ ಯಾಕೆ ಬೆಲೆ ಇಡಲಿಲ್ಲ?

ಇದರ ಜೊತೆಗೆ ಗ್ರ್ಯಾಪಲ್ ಅಸಿಸ್ಟ್ ಅಂತ ಒಂದಿದೆ, 4ರಲ್ಲಿ ಬಂದದ್ದು. ಕೆಳಗೆ ಬಿದ್ದಾಗ ಕಂಟ್ರೋಲರ್‌ನ ಸ್ಟಿಕ್ ಮೇಲಕ್ಕೆ ಒತ್ತಿದರೆ ಎದ್ದೇಳೋ ದಾರಿ ಆಟವೇ ಹುಡುಕಿಕೊಡುತ್ತದೆ. ಹೊಸಬರಿಗೆ ಒಳ್ಳೇದೇ, ಬೇಡ ಅನ್ನೋಲ್ಲ. ಆದರೆ ಆನ್‌ಲೈನ್‌ನಲ್ಲಿ ಮೇಲಕ್ಕೆ ಒತ್ತಿಕೊಂಡೇ ಇರುವವರ ಜೊತೆ ಆಡಿ ನೋಡಿ. ನೀವು ಕಷ್ಟಪಟ್ಟು ಕಾಲಿಗೆ ಕೈ ಹಾಕಿ ಕೆಡವಿದ್ದು, ಅವನು ಒಂದು ಬೆರಳಲ್ಲಿ ಎದ್ದದ್ದು. ಸೆಟ್ಟಿಂಗ್ಸ್‌ನಲ್ಲಿ ಹಳೆ ಥರದ ಕಂಟ್ರೋಲ್‌ಗೆ ಬದಲಾಯಿಸಿಕೊಳ್ಳಬಹುದು. ನಾನು ಅದರಲ್ಲೇ ಆಡೋದು.

ಸಬ್‌ಮಿಷನ್, ಅಂದರೆ ಕತ್ತೋ ಕೈಯೋ ಹಿಡಿದು ಸೋಲು ಒಪ್ಪಿಸೋದು, ಅದರ ಬಗ್ಗೆ ನನಗೆ ಎರಡು ಮನಸ್ಸು. 4ರಲ್ಲಿ ಕತ್ತು ಹಿಡಿದ ತಕ್ಷಣ ತೆರೆ ಮೇಲೆ ಒಂದು ವೃತ್ತ ಬರುತ್ತಿತ್ತು, ಅದರಲ್ಲಿ ಎರಡು ಪಟ್ಟಿ. ಒಂದು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಬೇಕು. ಆಟಗಾರರ ಕಡೆ ಯಾರು ನೋಡುತ್ತಿದ್ದರು? ಎಲ್ಲರ ಕಣ್ಣೂ ವೃತ್ತದ ಮೇಲೆ. 5ರಲ್ಲಿ ಆ ವೃತ್ತ ತೆಗೆದುಹಾಕಿದ್ದಾರೆ. ಈಗ ಕೈ ಗಲ್ಲದ ಕೆಳಗೆ ನುಗ್ಗೋದು, ಅವನು ಮಣಿಕಟ್ಟು ಹಿಡಿದು ಬಿಡಿಸಿಕೊಳ್ಳೋದು, ಇವನು ಕಾಲು ಸುತ್ತೋದು, ಎಲ್ಲಾ ಕಣ್ಣೆದುರಿಗೇ ನಡೆಯುತ್ತದೆ. ನೋಡೋಕೆ ಸೊಗಸು.

ಆದರೆ ಆಡೋಕೆ? ಹಿಡಿದವನು ಒಂದು ದಿಕ್ಕು ಆರಿಸುತ್ತಾನೆ. ಹಿಡಿಸಿಕೊಂಡವನು ಯಾವ ದಿಕ್ಕು ಅಂತ ಊಹಿಸಿ ತಡೆಯಬೇಕು. ಊಹೆ ಸರಿಯಾದರೆ ಬಚಾವು, ತಪ್ಪಿದರೆ ಪಟ್ಟು ಇನ್ನೊಂದು ಮೆಟ್ಟಿಲು ಬಿಗಿಯಾಗುತ್ತದೆ. ಎಡಗೈಯಲ್ಲಿದೆಯಾ ಬಲಗೈಯಲ್ಲಿದೆಯಾ ಅಂತ ಚಿಕ್ಕವರಿದ್ದಾಗ ಕಲ್ಲು ಬಚ್ಚಿಟ್ಟು ಕೇಳುತ್ತಿದ್ದೆವಲ್ಲ, ಕೊನೆಗೆ ಬರೋದು ಅಲ್ಲಿಗೇ. 4ರ ವೃತ್ತ ಕುರೂಪಿಯಾಗಿತ್ತು, ಒಪ್ಪಿದೆ. ಅದರಲ್ಲಿ ಕೈಚಳಕ ಇತ್ತು. ದಮ್ಮು ಉಳಿಸಿಕೊಂಡವನಿಗೆ ಲಾಭ ಇತ್ತು. ಇಲ್ಲೂ ದಮ್ಮಿಗೆ ಬೆಲೆ ಇದೆ, ಆದರೆ ಊಹೆಯ ಮುಂದೆ ಅದು ಎರಡನೇ ಮಾತು.

ಹೊಸಬನೊಬ್ಬನನ್ನು ಮೇಲಕ್ಕೆ ತರುವ ಕೆರಿಯರ್ ಮೋಡ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಅದೇ ಕೋಚ್ ಡೇವಿಸ್, ಅದೇ ಸಣ್ಣ ಕಾದಾಟಗಳಿಂದ ಶುರು, ಅದೇ ಜಿಮ್‌ನಲ್ಲಿ ಅದೇ ಅಭ್ಯಾಸದ ಗುದ್ದಾಟ. ಮೂರು ವರ್ಷ ಬಿಟ್ಟು ಬಂದ ಮುಂದಿನ ಭಾಗದಲ್ಲಿ ಕಥೆಯನ್ನಾದರೂ ಬದಲಾಯಿಸಬಹುದಿತ್ತು. ಜಾನ್ ಆನಿಕ್ ಮತ್ತು ಡೇನಿಯಲ್ ಕಾರ್ಮಿಯರ್ ಕಾಮೆಂಟರಿ ಕೇಳೋಕೆ ಚೆನ್ನಾಗಿದೆ, ಒಂದಷ್ಟು ದಿನ ಆದಮೇಲೆ ನೀವೇ ಮುಂದಿನ ಸಾಲು ಹೇಳಿಬಿಡುತ್ತೀರಿ.

ಹೊಸದಾಗಿ ಬಂದದ್ದರಲ್ಲಿ ನನಗೆ ಇಷ್ಟವಾದ ಇನ್ನೊಂದು ಫೈಟ್ ವೀಕ್. ನಿಜವಾದ ಯುಎಫ್‌ಸಿ ಕಾದಾಟಗಳು ಬಂದಾಗ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಹೇಳಿಟ್ಟರೆ ಆಟದ ನಾಣ್ಯ ಸಿಗುತ್ತದೆ. ನಾಣ್ಯದಲ್ಲಿ ಚಡ್ಡಿ, ಟೋಪಿ ಅಂಥವೇ ಸಿಗೋದು, ಹೋಗಲಿ ಬಿಡಿ. ಭಾನುವಾರ ಬೆಳಗ್ಗೆ ಆರಾಮಾಗಿ ಮಲಗಬೇಕಾದವನು ಎದ್ದು ಕೂರೋಕೆ ಒಂದು ನೆಪ ಆಯಿತು. 2020ರಲ್ಲಿ 4ರೊಳಗೆ ರೀಪ್ಲೇ ಮಧ್ಯೆ ಜಾಹೀರಾತು ತೂರಿಸಿ, ಜನ ಉಗಿದ ಮೇಲೆ ತೆಗೆದ ಕಂಪನಿ ಇದು. ಅದಕ್ಕೆ ಹೋಲಿಸಿದರೆ ಚಡ್ಡಿ ಟೋಪಿ ಎಷ್ಟೋ ವಾಸಿ.

ಪಿಸಿಯವರಿಗೆ ಈ ಸಲವೂ ಇಲ್ಲ. 1ರಿಂದ 5ರವರೆಗೆ ಒಂದೂ ಪಿಸಿಗೆ ಬಂದಿಲ್ಲ. ಇಲ್ಲಿನ ಗೇಮಿಂಗ್ ಕೆಫೆಗಳಲ್ಲಿ ಸಾಲಾಗಿರೋದು ಪಿಸಿಗಳೇ, ಹಾಗಾಗಿ ನನ್ನ ಗೆಳೆಯರಲ್ಲಿ ಅರ್ಧ ಜನ ಇದನ್ನು ಯೂಟ್ಯೂಬ್‌ನಲ್ಲಿ ಮಾತ್ರ ನೋಡಿದ್ದಾರೆ. ಯುಎಫ್‌ಸಿ 5 ಹಳೆ ಪ್ಲೇಸ್ಟೇಷನ್ 4ಕ್ಕೂ (ಪಿಎಸ್ 4) ಇಲ್ಲ, ಪಿಎಸ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್‌ಗೆ ಮಾತ್ರ. ಆಟವನ್ನು ಓಡಿಸುವ ಸಾಫ್ಟ್‌ವೇರ್ ಎಂಜಿನ್ ಫ್ರಾಸ್ಟ್‌ಬೈಟ್‌ಗೆ ಬದಲಾಗಿದೆ, ಕಾದಾಟ ಸೆಕೆಂಡಿಗೆ 60 ಫ್ರೇಮ್‌ನಲ್ಲಿ ಓಡುತ್ತದೆ. ಏಟು ಬರೋದು ಕಂಡು ತಲೆ ತಗ್ಗಿಸೋಕೆ ಈಗ ನಿಜವಾಗಲೂ ಟೈಮ್ ಸಿಗುತ್ತದೆ.

ತಗೋಬೇಕಾ ಅಂತ ಕೇಳಿದವರಿಗೆ: ನಿಂತು ಗುದ್ದಾಡೋದು ಇಷ್ಟ ಅಂದರೆ, ಪಿಎಸ್ 5 ಇದ್ದರೆ, ತಗೊಳ್ಳಿ. 2025ರ ಜನವರಿಯಲ್ಲಿ ಇಎಯ ಚಂದಾ ಸೇವೆ ಇಎ ಪ್ಲೇಗೂ ಬಂದಿದೆ, ಒಂದು ತಿಂಗಳ ದುಡ್ಡು ಕಟ್ಟಿ ನೋಡಿಕೊಂಡು ಆಮೇಲೆ ಯೋಚಿಸಬಹುದು. ಕೆಡವಿ ಹಿಡಿಯೋದೇ ಇಷ್ಟ ಅನ್ನುವವರು, ಅದೂ ಪಿಎಸ್ 4ರಲ್ಲಿ ಯುಎಫ್‌ಸಿ 4 ಆಡುತ್ತಾ ಇರುವವರು, ಇದೊಂದಕ್ಕೋಸ್ಕರ ಹೊಸ ಕನ್ಸೋಲ್ ತರಬೇಡಿ. ಆನ್‌ಲೈನ್‌ನಲ್ಲಿ ನನ್ನ ಜೊತೆ ಆಡುವವರು ಮಾತ್ರ ದಯವಿಟ್ಟು ಆ ಸ್ಟಿಕ್ ಮೇಲಕ್ಕೆ ಒತ್ತಿ ಹಿಡಿಯೋದು ಬಿಡಿ.