ನೋವಾದರೆ ಹೇಳುವುದೂ ಗುರುವಿಗೆ ಕೊಡುವ ಗೌರವ

ನಾನು ಬೆಂಗಳೂರಿನಲ್ಲಿ ಮಕ್ಕಳಿಗೆ ಜೂಡೋ ಕಲಿಸುತ್ತೇನೆ. ಸೇರಿಸಲು ಬರುವ ಅಪ್ಪ ಅಮ್ಮಂದಿರು ಮೊದಲು ಕೇಳುವುದು, "ಸರ್, ಇಲ್ಲಿ ಶಿಸ್ತು ಕಲಿಸ್ತೀರಲ್ವಾ?" ಕಲಿಸುತ್ತೇವೆ. ಆದರೆ ಶಿಸ್ತು ಅಂದರೆ ಬಾಯಿ ಮುಚ್ಚಿಕೊಂಡಿರುವುದು ಅಂತ ಮನೆಯಲ್ಲೇ ಹೇಳಿ ಕಳಿಸಿದ್ದರೆ ನನ್ನ ಕೆಲಸ ಕಷ್ಟವಾಗುತ್ತದೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವತ್ತು ಉಕೆಮಿ, ಅಂದರೆ ಬೀಳುವ ಅಭ್ಯಾಸ ನಡೆಯುತ್ತಿತ್ತು. ಬೀಳುವಾಗ ತೋಳು ಚಾಚಿ ಮ್ಯಾಟಿಗೆ ಜೋರಾಗಿ ಬಡಿಯಬೇಕು. ಅವನು ಎಡಕ್ಕೆ ಬಿದ್ದಾಗ ಪಟ್ ಅಂತ ಸದ್ದು ಬರುತ್ತಿತ್ತು. ಬಲಕ್ಕೆ ಬಿದ್ದರೆ ಕೈ ಮೈಗೆ ಅಂಟಿಕೊಂಡೇ ಇರುತ್ತಿತ್ತು. ಪಕ್ಕಕ್ಕೆ ಕರೆದು ಕೇಳಿದೆ. ಶಾಲೆಯಲ್ಲಿ ಬಿದ್ದು ಭುಜ ನೋಯುತ್ತಿದೆಯಂತೆ. "ಮತ್ತೆ ಯಾಕೋ ಹೇಳಲಿಲ್ಲ?" ಅಂದರೆ, "ಸರ್‌ಗೆ ಆಗಲ್ಲ ಅನ್ಬಾರ್ದು ಅಂತ ಅಪ್ಪ ಹೇಳಿದ್ದಾರೆ" ಅಂದ. ಅವನನ್ನು ಕೂರಿಸಿದೆ. ಡಾಕ್ಟರಿಗೆ ತೋರಿಸಿ ಅಂತ ಅವರಪ್ಪನಿಗೆ ಅವತ್ತೇ ಹೇಳಿದೆ.

ಈಗ ಹೊಸಬರಿಗೆಲ್ಲ ಮೊದಲ ಪಾಠ ಇದೇ. ನೋವಿದ್ದರೆ ಮ್ಯಾಟ್ ಹತ್ತುವ ಮೊದಲೇ ಹೇಳಿ. ಹಿಡಿತ ತಡೆಯಲು ಆಗದಿದ್ದರೆ ಕೈಯಿಂದ ಎರಡು ಸಲ ತಟ್ಟಿ. ಎದುರಿನವರು ತಟ್ಟಿದ ತಕ್ಷಣ ಬಿಡಿ. ನಾನು 'ಮತೆ' ಅಂದರೆ, ಇನ್ನೇನು ಗೆಲ್ಲುತ್ತಿದ್ದರೂ ನಿಲ್ಲಿಸಿ. ಕಾಲಿಗೆ ಬೀಳುವುದಕ್ಕಿಂತ ಇವು ನನಗೆ ದೊಡ್ಡವು. ಅಷ್ಟೊಂದು ಜೋಡಿಗಳು ಒಟ್ಟಿಗೆ ಸೆಣಸುವಾಗ ನನ್ನ ಕಣ್ಣು ಎಲ್ಲ ಕಡೆ ಇರಲು ಸಾಧ್ಯವಿಲ್ಲ.

ಹಾಗಂತ ಬಾಗಿ ನಮಸ್ಕರಿಸುವುದು ಸುಮ್ನೆ ಶಾಸ್ತ್ರಕ್ಕಲ್ಲ. ಜೂಡೋ ಹುಟ್ಟುಹಾಕಿದ ಕಾನೋ ಜಿಗೊರೊ 1882ರಲ್ಲಿ ಟೋಕಿಯೋದ ಒಂದು ಬೌದ್ಧ ದೇವಾಲಯದಲ್ಲಿ, 12 ಚಾಪೆ ಹಾಸುವಷ್ಟು ಜಾಗದಲ್ಲಿ ಕೊಡೋಕನ್ ಅನ್ನುವ ಜೂಡೋ ಶಾಲೆ ಶುರು ಮಾಡಿದರು. ನಾನೂ ಎದುರಿನವನೂ ಒಟ್ಟಿಗೆ ಏಳಿಗೆಯಾಗಬೇಕು ಅನ್ನುವುದು ಅವರು ಜೂಡೋಗೆ ಹಾಕಿಕೊಟ್ಟ ತತ್ವ. ಮಕ್ಕಳು ಬಾಗಿದಾಗ ಕಲಿಸುವವರೂ ಬಾಗಬೇಕು. ಮೊಬೈಲ್ ನೋಡುತ್ತಾ ತಲೆಯಾಡಿಸಿದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. ತಾತ ಗರಡಿಗೆ ಹೋಗುತ್ತಿದ್ದ ಮನೆಯ ಮಕ್ಕಳಿಗಂತೂ ಇದನ್ನು ಹೆಚ್ಚು ಹೇಳಬೇಕಿಲ್ಲ. ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಅಖಾಡಕ್ಕೆ ಇಳಿಯುವ ಕಥೆ ಕೇಳಿಯೇ ಬೆಳೆದಿರುತ್ತಾರೆ.

ಉಗುರು ಕತ್ತರಿಸಿರಬೇಕು, ಗಿ, ಅಂದರೆ ಜೂಡೋ ಉಡುಪು, ಒಗೆದಿರಬೇಕು. ತಡವಾದರೆ ಮ್ಯಾಟಿನ ಅಂಚಿನಲ್ಲಿ ನಿಂತು ನನ್ನ ಸನ್ನೆಗೆ ಕಾಯಬೇಕು. ನೀರಿಗೆ ಹೋಗುವಾಗಲೂ ಹೇಳಿ ಹೋಗಬೇಕು, ಇಲ್ಲದಿದ್ದರೆ ಮಗು ಎಲ್ಲಿ ಅಂತ ನಾನು ಹುಡುಕಬೇಕಾಗುತ್ತದೆ. ಜಾಸ್ತಿ ಹೇಳಬೇಕಾಗುವುದು ಒಂದೆರಡು ಬೆಲ್ಟ್ ದಾಟಿದವರಿಗೆ. ನಾನು ಎಸೆತ ತೋರಿಸುತ್ತಿರುವಾಗಲೇ ಪಕ್ಕದವನಿಗೆ ತಮ್ಮದೊಂದು ವಿಧಾನ ಹೇಳಿಕೊಡುತ್ತಾರೆ. ಪ್ರಶ್ನೆ ಕೇಳಲಿ, ನನಗೆ ಇಷ್ಟ. ತೋರಿಸಿ ಮುಗಿಸಿದ ಮೇಲೆ ಕೇಳಲಿ.

ಪೋಷಕರಿಗೂ ಒಂದು ಮಾತು. ಬೆಂಚಿನಿಂದ "ಎತ್ತೋ, ಕಾಲು ಹಾಕೋ" ಅಂತ ಕೂಗಬೇಡಿ. ಮಗು ನಿಮ್ಮ ಕಡೆ ತಿರುಗುತ್ತದೆ, ಎದುರಿನ ಮಗು ಅದೇ ಹೊತ್ತಿಗೆ ಎಸೆಯುತ್ತದೆ, ತಯಾರಿಲ್ಲದೆ ಬಿದ್ದರೆ ಪೆಟ್ಟಾಗುತ್ತದೆ. ಕ್ಲಾಸ್ ಮುಗಿದ ಮೇಲೆ ಬನ್ನಿ. ಮ್ಯಾಟ್ ಒರೆಸಿ ಮುಗಿಯುವವರೆಗೂ ನಾನು ಅಲ್ಲೇ ಇರುತ್ತೇನೆ, ಎಷ್ಟು ಬೇಕಾದರೂ ಕೇಳಿ.