ರಿಪೋರ್ಟ್ ನೆಗೆಟಿವ್ ಇತ್ತು, ಬೆರಳು ಊದಿತ್ತು

ನಾನು ಕೀಲುವಾತದ ಡಾಕ್ಟರ್. ಈ ವಿಭಾಗಕ್ಕೆ ಬರುವ ಮೊದಲು ಕೆಲವು ವರ್ಷ ಸಾಮಾನ್ಯ ಓಪಿಡಿಯಲ್ಲಿ ಕೂರುತ್ತಿದ್ದೆ. ಇದು ಆಗಿನ ಮಾತು.

38 ವರ್ಷದ ಹೆಂಗಸೊಬ್ಬರು ಬಂದರು. ಬಟ್ಟೆ ಹೊಲಿಯುವುದು ಅವರ ಕೆಲಸ. "ಬೆಳಗ್ಗೆ ಎದ್ದಾಗ ಬೆರಳು ಮಡಚೋಕೇ ಆಗಲ್ಲ ಡಾಕ್ಟ್ರೇ. ಕತ್ತರಿ ಒಳಗೆ ಬೆರಳು ತೂರಲ್ಲ. ಹತ್ತು ಗಂಟೆ ಹೊತ್ತಿಗೆ ಸ್ವಲ್ಪ ಸಡಿಲ ಆಗುತ್ತೆ" ಅಂದರು. ಎರಡು ತಿಂಗಳಿಂದ ಹೀಗೇ ಇತ್ತಂತೆ. ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿಬೀಳುವ ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ವಾತ ಇರಬಹುದೇ ಎಂದು ನೋಡಲು ನಾನು ಆರ್‌ಎ ಫ್ಯಾಕ್ಟರ್ ಎಂಬ ರಕ್ತ ಪರೀಕ್ಷೆ ಬರೆದುಕೊಟ್ಟೆ. ಎರಡು ದಿನ ಬಿಟ್ಟು ರಿಪೋರ್ಟ್ ತಂದರು. ನೆಗೆಟಿವ್. "ವಾತ ಏನೂ ಇಲ್ಲ, ಕೆಲಸ ಜಾಸ್ತಿ ಆಗಿದೆ ಅಷ್ಟೇ" ಎಂದು ಹೇಳಿ ನೋವಿನ ಮಾತ್ರೆ ಕೊಟ್ಟು ಕಳಿಸಿದೆ. ಅವರ ಮುಖ ಅರಳಿತು. ಒಳ್ಳೆ ಸುದ್ದಿ ಕೊಟ್ಟೆ ಎಂದು ನನಗೂ ಸಮಾಧಾನ.

ಅವರ ಕೈಯನ್ನು ನಾನು ಮುಟ್ಟಿಯೂ ಇರಲಿಲ್ಲ.

14 ತಿಂಗಳಾದ ಮೇಲೆ ಅವರನ್ನು ಮತ್ತೆ ನೋಡಿದೆ. ಅಷ್ಟರಲ್ಲಿ ನಾನು ಅದೇ ಆಸ್ಪತ್ರೆಯ ಕೀಲುವಾತ ವಿಭಾಗಕ್ಕೆ ಕಲಿಯಲು ಸೇರಿದ್ದೆ. ಅವತ್ತು ನಮ್ಮ ಮೇಡಂ ಪಕ್ಕ ಕುಳಿತಿದ್ದೆ. ಮೇಡಂ ಫೈಲ್ ತೆರೆಯಲಿಲ್ಲ. "ಎರಡೂ ಕೈ ಮೇಜಿನ ಮೇಲಿಡಿ ಅಮ್ಮಾ. ಈಗ ಮುಷ್ಟಿ ಕಟ್ಟಿ" ಅಂದರು.

ನಿಮ್ಮ ಕೈಯಲ್ಲೇ ಮಾಡಿ ನೋಡಿ. ಮುಷ್ಟಿ ಕಟ್ಟಿದಾಗ ಬೆರಳಿನ ಬುಡದ ಗೆಣ್ಣುಗಳು ಸಣ್ಣ ಗುಡ್ಡಗಳ ಹಾಗೆ ಏಳುತ್ತವೆ. ನಡುನಡುವೆ ತಗ್ಗು ಕಾಣುತ್ತದೆ. ಆಕೆಯ ಕೈಯಲ್ಲಿ ತಗ್ಗೇ ಇರಲಿಲ್ಲ. ಎಲ್ಲ ತುಂಬಿಕೊಂಡು ಸಪಾಟಾಗಿತ್ತು. ಮೇಡಂ ನನ್ನ ಹೆಬ್ಬೆರಳನ್ನು ಹಿಡಿದು ಒಂದು ಗೆಣ್ಣಿನ ಮೇಲೆ ಇಡಿಸಿದರು. ಮೂಳೆಯ ಗಟ್ಟಿತನ ಸಿಗಲಿಲ್ಲ. ಒದ್ದೆ ಸ್ಪಾಂಜ್ ಒತ್ತಿದ ಹಾಗೆ ಮೆತ್ತಗೆ ಒಳಗೆ ಹೋಯಿತು. ಆಮೇಲೆ ಅವರು ನಾಲ್ಕೂ ಗೆಣ್ಣುಗಳನ್ನು ಅಡ್ಡಡ್ಡ ಹಿಡಿದು, ಕೈಕುಲುಕುವಾಗ ಒತ್ತುವಷ್ಟೇ ಮೆಲ್ಲಗೆ ಒತ್ತಿದರು. ಆಕೆ ಕೈ ಕಿತ್ತುಕೊಂಡರು.

ಎಕ್ಸ್‌ರೇ ಬಂತು. ಎರಡು ಗೆಣ್ಣುಗಳ ಅಂಚಿನಲ್ಲಿ ಮೂಳೆ ಗೆದ್ದಲು ತಿಂದ ಹಾಗೆ ಸವೆದಿತ್ತು.

"ಇವರನ್ನ ಮೊದಲು ನೋಡಿದ್ದು ಯಾರು?"

"ನಾನೇ ಮೇಡಂ. ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇತ್ತು."

ಅವರು ಬೈಯಲಿಲ್ಲ. "ರಿಪೋರ್ಟ್ ಬರೋಕೆ ಮುಂಚೆನೇ ಈ ಕೈ ಎಲ್ಲ ಹೇಳ್ತಿತ್ತು, ಅಲ್ವಾ?" ಎಂದರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಪರೀಕ್ಷೆಯ ಬಗ್ಗೆ ಕುಳಿತು ಓದಿದ್ದು ಅದಾದ ಮೇಲೆ. ಆರ್‌ಎ ಫ್ಯಾಕ್ಟರ್ ತುಂಬಾ ಹಳೆಯದು. ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಅದರ ಬಗ್ಗೆ ಬರೆದರು. ಅಮೆರಿಕದಲ್ಲಿ ಹ್ಯಾರಿ ರೋಸ್ 1948ರಲ್ಲಿ ಮತ್ತೆ ಕಂಡುಕೊಂಡರು. ರುಮಟಾಯ್ಡ್ ಆರ್ಥ್ರೈಟಿಸ್ ಇರುವ 100 ಜನರಲ್ಲಿ ಸುಮಾರು 20ರಿಂದ 30 ಮಂದಿಗೆ ಇದು ನೆಗೆಟಿವ್ ಬರುತ್ತದೆ. ಹೆಪಟೈಟಿಸ್ ಸಿ ಇದ್ದವರಲ್ಲಿ, ಕಣ್ಣು ಬಾಯಿ ಒಣಗುವ ಶೋಗ್ರೆನ್ಸ್ ಕಾಯಿಲೆಯವರಲ್ಲಿ, ಏನೂ ತೊಂದರೆಯಿಲ್ಲದ ಕೆಲವು ವಯಸ್ಸಾದವರಲ್ಲಿ ಪಾಸಿಟಿವ್ ಬರುವುದೂ ಉಂಟು. ಅಂದರೆ ಇದೊಂದನ್ನೇ ಹಿಡಿದುಕೊಂಡು "ವಾತ ಇಲ್ಲ" ಎನ್ನುವಂತಿಲ್ಲ, "ಇದೆ" ಎನ್ನುವಂತೆಯೂ ಇಲ್ಲ. ಇದನ್ನು ನಾನು ಓದಿ ಪಾಸಾಗಿದ್ದೆ. ಓಪಿಡಿಯಲ್ಲಿ ಮಾತ್ರ ನೆನಪಾಗಿರಲಿಲ್ಲ.

1998ರಲ್ಲಿ ನೆದರ್‌ಲ್ಯಾಂಡ್ಸ್‌ನ ಸಂಶೋಧಕರು ಇನ್ನೊಂದು ದಾರಿ ತೋರಿಸಿದರು. ಅದರಿಂದ ಬಂದದ್ದು ಆಂಟಿ ಸಿಸಿಪಿ ಎಂಬ ಇನ್ನೊಂದು ರಕ್ತ ಪರೀಕ್ಷೆ. ಇದು ಬೇರೆ ಕಾಯಿಲೆಗಳಲ್ಲಿ ಪಾಸಿಟಿವ್ ಬರುವುದು ಅಪರೂಪ. ಕೀಲುನೋವು ಶುರುವಾಗುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ನಮ್ಮ ಕೆಲಸವನ್ನು ಇದು ಬಹಳ ಸುಲಭ ಮಾಡಿದೆ. ಆದರೆ ಆಕೆಗೆ ಅದೂ ನೆಗೆಟಿವ್ ಬಂತು!

ಆಕೆಯ ಕಾಯಿಲೆಯನ್ನು ತೋರಿಸಿಕೊಟ್ಟದ್ದು ಅಲ್ಟ್ರಾಸೌಂಡ್. ಗೆಣ್ಣಿನ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಟ್ಟಾಗ ಕೀಲಿನ ಒಳಪದರ ದಪ್ಪಗಾಗಿದ್ದು ಪರದೆಯಲ್ಲಿ ಕಂಡಿತು. ಪವರ್ ಡಾಪ್ಲರ್ ಹಾಕಿದ ಕೂಡಲೇ ಆ ಪದರದ ತುಂಬ ಕೆಂಪು ಕಿತ್ತಳೆ ಚುಕ್ಕಿಗಳು ಮಿನುಗಿದವು. ಆ ಬಣ್ಣ ರಕ್ತದ ಹರಿವಿನದು. ಶಾಂತವಾಗಿರುವ ಕೀಲಿನಲ್ಲಿ ಅಷ್ಟು ಹರಿವು ಇರುವುದಿಲ್ಲ. ಆಕೆಯೂ ಪರದೆಯನ್ನೇ ನೋಡುತ್ತಿದ್ದರು. "ಒಳಗೆ ಬೆಂಕಿ ಇದೆ ಅಂತ ನಾನು ಹೇಳ್ತಾನೇ ಇದ್ದೆ" ಅಂದರು.

ಅವರ ಹತ್ತಿರ ನನ್ನ ತಪ್ಪನ್ನು ಹೇಳಿಕೊಂಡದ್ದು ಆಗಲೇ. ಸುಮ್ನೆ ಇದ್ದುಬಿಡಬಹುದಿತ್ತು. ಆಗಲಿಲ್ಲ. "ಮೊದಲ ಸಲ ಬಂದಾಗಲೇ ನಾನು ನಿಮ್ಮ ಕೈ ಒತ್ತಿ ನೋಡಬೇಕಿತ್ತು. ನೋಡಲಿಲ್ಲ. ನನ್ನಿಂದ ತಪ್ಪಾಯಿತು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನೆಗೆಟಿವ್ ಅಂದಾಗ ನಂಗೂ ಖುಷಿ ಆಗಿತ್ತು ಡಾಕ್ಟ್ರೇ. ಅದಕ್ಕೇ ನೋವು ಜಾಸ್ತಿ ಆದ್ರೂ ಬರಲಿಲ್ಲ" ಅಂದರು. ಒಂದು ತಪ್ಪು ರಿಪೋರ್ಟ್‌ಗಿಂತ ತಪ್ಪಾಗಿ ಕೊಟ್ಟ ಧೈರ್ಯ ಎಷ್ಟು ಕಾಲ ಹಾಳು ಮಾಡುತ್ತದೆ ಎನ್ನುವುದು ನನಗೆ ಆ ಮಾತಿನಿಂದ ಗೊತ್ತಾಯಿತು.

ಕಾಲದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಸವೆದ ಮೂಳೆಯನ್ನು ಮೊದಲಿನ ಹಾಗೆ ಮಾಡುವ ಔಷಧಿ ಇನ್ನೂ ನಮ್ಮ ಕೈಯಲ್ಲಿಲ್ಲ. ಸವೆತವನ್ನು ತಡೆಯುವ ಔಷಧಿ ಮಾತ್ರ ಬೇಕಾದಷ್ಟಿದೆ. ಈ ಕಾಯಿಲೆಯನ್ನು ಗುರುತಿಸಲು 1987ರಲ್ಲಿ ಮಾಡಿದ ಹಳೆಯ ಪಟ್ಟಿಯಲ್ಲಿ ಎಕ್ಸ್‌ರೇಯಲ್ಲಿ ಕಾಣುವ ಸವೆತವೂ ಒಂದು ಗುರುತು. ಮನೆಗೆ ಬೆಂಕಿ ಬಿದ್ದು ಸೂರು ಕುಸಿದ ಮೇಲೆ ಬೆಂಕಿ ಅಂತ ಒಪ್ಪಿಕೊಂಡ ಹಾಗೆ. 2010ರ ಹೊಸ ಪಟ್ಟಿ ಹಾಗಿಲ್ಲ. ಅದರಲ್ಲಿ 10ಕ್ಕೆ 6 ಅಂಕ ಬಂದರೆ ರುಮಟಾಯ್ಡ್ ಎಂದು ಪರಿಗಣಿಸಬಹುದು. ರಕ್ತದ ಈ ಎರಡು ಪರೀಕ್ಷೆಗಳಿಗೆ ಹೆಚ್ಚೆಂದರೆ 3 ಅಂಕ. ಕೀಲುಗಳಿಗೆ 5 ಅಂಕದವರೆಗೆ ಇದೆ. ಸಣ್ಣ ಕೀಲುಗಳೂ ಸೇರಿ ಹತ್ತಕ್ಕಿಂತ ಹೆಚ್ಚು ಕೀಲು ಹಿಡಿದುಕೊಂಡು, ಆರು ವಾರ ದಾಟಿದ್ದರೆ, ರಕ್ತ ಪರೀಕ್ಷೆ ಪೂರ್ತಿ ನೆಗೆಟಿವ್ ಇದ್ದರೂ 6 ಅಂಕ ಆಗುತ್ತದೆ. ಆಕೆ ಮೊದಲ ಸಲ ಬಂದಾಗ ಎರಡು ತಿಂಗಳಾಗಿತ್ತು. ಎಷ್ಟು ಕೀಲು ಊದಿದ್ದವೋ ನನಗೆ ಗೊತ್ತಿಲ್ಲ. ಎಣಿಸಿರಲಿಲ್ಲ.

ಈಗ ನನ್ನ ಎದುರು ಯಾರೇ ಕೀಲುನೋವು ಅಂತ ಕುಳಿತರೂ ಮೊದಲು ಕೇಳುವುದು, "ಬೆಳಗ್ಗೆ ಎದ್ದ ಮೇಲೆ ಎಷ್ಟು ಹೊತ್ತು ಬಿಗಿ ಇರುತ್ತೆ?" ಐದು ಹತ್ತು ನಿಮಿಷದಲ್ಲಿ ಬಿಟ್ಟುಹೋಗಿ, ಓಡಾಡಿದಷ್ಟೂ ನೋವು ಜಾಸ್ತಿ ಆಗುತ್ತದೆ ಎಂದರೆ ಹೆಚ್ಚಾಗಿ ಅದು ವಯಸ್ಸಾದಂತೆ ಕೀಲು ಸವೆದು ಬರುವ ನೋವು, ಈ ವಾತ ಅಲ್ಲ. ಅರ್ಧ ಗಂಟೆ ದಾಟಿತು, ಕೈಕಾಲು ಆಡಿಸುತ್ತಾ ಸಡಿಲ ಆಗುತ್ತದೆ ಎಂದರೆ ನಾನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಬೆನ್ನುನೋವಿನ ಹುಡುಗರಿಗೂ ಹೀಗೇ ಕೇಳಬೇಕು. ನಡುರಾತ್ರಿ ಎಚ್ಚರ ಆಗುತ್ತದೆಯೇ, ಮಲಗಿದರೆ ಜಾಸ್ತಿಯೋ ಓಡಾಡಿದರೆ ಜಾಸ್ತಿಯೋ? ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಬರುವ ಸ್ಪಾಂಡಿಲೈಟಿಸ್ ಎಕ್ಸ್‌ರೇಯಲ್ಲಿ ಕಾಣಲು ವರ್ಷಗಳೇ ಬೇಕಾಗಬಹುದು. ಎಂಆರ್‌ಐಯಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಸಿಗುತ್ತದೆ. ಆದರೆ ಕೇಳದಿದ್ದರೆ ಎಂಆರ್‌ಐ ಬರೆಯುವವರು ಯಾರು?

ರಿಪೋರ್ಟ್ ನೋಡಿ ಎದುರು ದಿಕ್ಕಿನಲ್ಲಿ ಎಡವುವುದೂ ಇದೆ. 22 ವರ್ಷದ ಹುಡುಗಿಯೊಬ್ಬಳು ಅಳುತ್ತಲೇ ಒಳಗೆ ಬಂದಳು. ಯಾವುದೋ ತಪಾಸಣೆಯಲ್ಲಿ, ದೇಹ ತನ್ನದೇ ಜೀವಕೋಶಗಳ ವಿರುದ್ಧ ತಯಾರಿಸುವ ಪ್ರತಿಕಾಯ ಹುಡುಕುವ ಎಎನ್‌ಎ ಪರೀಕ್ಷೆ ಪಾಸಿಟಿವ್ ಬಂದಿತ್ತು. ಮೊಬೈಲ್‌ನಲ್ಲಿ ಹುಡುಕಿ ತನಗೆ ಚರ್ಮ, ಕೀಲು, ಮೂತ್ರಪಿಂಡಕ್ಕೆಲ್ಲ ತಗಲುವ ಲೂಪಸ್ ಕಾಯಿಲೆ ಇದೆ ಎಂದು ತೀರ್ಮಾನ ಮಾಡಿಕೊಂಡಿದ್ದಳು. ಮೈಮೇಲೆ ಗುಳ್ಳೆ ಇಲ್ಲ, ಕೀಲು ಊದಿಲ್ಲ, ಕೂದಲು ಉದುರಿಲ್ಲ, ಮೂತ್ರದಲ್ಲಿ ಪ್ರೋಟೀನ್ ಇಲ್ಲ. ಎಎನ್‌ಎ 1:160 ಮಟ್ಟದಲ್ಲಿ, ಅಂದರೆ ರಕ್ತದ ಮಾದರಿಯನ್ನು 160 ಪಟ್ಟು ತೆಳು ಮಾಡಿದಾಗಲೂ, ಆರೋಗ್ಯವಾಗಿರುವ 100 ಜನರಲ್ಲಿ ಸುಮಾರು 5 ಮಂದಿಗೆ ಪಾಸಿಟಿವ್ ಇರುತ್ತದೆ. ಅವಳೂ ಅಂಥವರಲ್ಲಿ ಒಬ್ಬಳು. ಅವಳಿಗೆ ಔಷಧಿ ಬೇಕಿರಲಿಲ್ಲ. ಇಪ್ಪತ್ತು ನಿಮಿಷ ಕೂರಿಸಿಕೊಂಡು ಮಾತಾಡುವವರು ಬೇಕಿತ್ತು.

ಹೊಲಿಗೆಯವರ ಚಿಕಿತ್ಸೆಗೆ ಬರುತ್ತೇನೆ. ಕೀಲಿನ ಉರಿಯೂತ ತಗ್ಗಿಸಿ ಸವೆತ ತಡೆಯುವ ಮೆಥೊಟ್ರೆಕ್ಸೇಟ್ ಮಾತ್ರೆ ಶುರು ಮಾಡಿದೆವು. ಅಮೆರಿಕದಲ್ಲಿ ಈ ಕಾಯಿಲೆಗೆ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ಇಷ್ಟೆಲ್ಲ ಹೊಸ ಔಷಧಿ ಬಂದರೂ ಇವತ್ತಿಗೂ ಮೊದಲು ಕೈ ಹೋಗುವುದು ಇದರ ಕಡೆಗೇ. ಇದನ್ನು ತೆಗೆದುಕೊಳ್ಳಬೇಕಾದ್ದು ವಾರಕ್ಕೆ ಒಂದು ದಿನ. ದಿನಾ ಅಲ್ಲ. ದಿನಾ ತೆಗೆದುಕೊಂಡರೆ ರಕ್ತದ ಕಣಗಳು ಕುಸಿದು ಜೀವಕ್ಕೇ ಅಪಾಯ. ಹಾಗಾಗಿ ಚೀಟಿಯಲ್ಲಿ "ವಾರಕ್ಕೊಮ್ಮೆ" ಎಂದು ಬರೆದು ಬಿಡುವುದು ಸಾಲದು. "ಯಾವ ದಿನ ತಗೋತೀರಿ, ನೀವೇ ಹೇಳಿ" ಎನ್ನುತ್ತೇನೆ. ಆಕೆ "ಗುರುವಾರ" ಅಂದರು. ಗುರುವಾರ ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಇದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ವಿಟಮಿನ್‌ಗೆ ಶನಿವಾರ. ಆಮೇಲೆ ಚೀಟಿ ಮುಚ್ಚಿಟ್ಟು, "ಈಗ ನನಗೆ ಹೇಳಿ, ಬುಧವಾರ ಎಷ್ಟು ಮಾತ್ರೆ?" ಎಂದು ಕೇಳಿದೆ. "ಒಂದೂ ಇಲ್ಲ" ಅಂದರು. ಆಮೇಲೇ ಎದ್ದು ಹೋಗಲು ಬಿಟ್ಟೆ. ಈ ಎರಡು ನಿಮಿಷವನ್ನು ನಾನು ಎಂಥ ಗದ್ದಲದ ದಿನದಲ್ಲೂ ಬಿಡುವುದಿಲ್ಲ. ಗರ್ಭಿಣಿಯರಿಗೆ ಈ ಔಷಧಿ ಕೊಡುವಂತಿಲ್ಲ, ಅದನ್ನೂ ಮೊದಲೇ ಕೇಳಬೇಕು. ಲಿವರ್ ಮತ್ತು ರಕ್ತದ ಕಣಗಳ ಪರೀಕ್ಷೆ ಆಗಾಗ ಆಗಲೇಬೇಕು.

ಇದು ನೋವಿನ ಮಾತ್ರೆಯ ಹಾಗೆ ಮಾರನೆಯ ದಿನವೇ ಕೆಲಸ ಮಾಡುವುದಿಲ್ಲ. ಆರೆಂಟು ವಾರ, ಕೆಲವೊಮ್ಮೆ ಮೂರು ತಿಂಗಳು ಕಾಯಬೇಕು. ಹಾಗಂತ ಕೊಟ್ಟು ಮರೆತುಬಿಡುವುದಲ್ಲ. 2004ರಲ್ಲಿ ಗ್ಲಾಸ್ಗೋದಿಂದ ಒಂದು ಅಧ್ಯಯನ ಬಂತು. ಅದರಲ್ಲಿ ಹೊಸ ದುಬಾರಿ ಇಂಜೆಕ್ಷನ್ ಒಂದೂ ಇರಲಿಲ್ಲ. ಒಂದು ಗುಂಪಿನವರನ್ನು ಪ್ರತಿ ತಿಂಗಳು ಕರೆದು, ಕೀಲು ಎಣಿಸಿ, ಊತ ಉಳಿದಿದ್ದರೆ ಆಗಲೇ ಔಷಧಿ ಬದಲಿಸಿದರು. ಇನ್ನೊಂದು ಗುಂಪಿಗೆ ಎಂದಿನ ಹಾಗೆ ಚಿಕಿತ್ಸೆ. 18 ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ 100ಕ್ಕೆ 65 ಮಂದಿಯ ಕಾಯಿಲೆ ಪೂರ್ತಿ ಹತೋಟಿಗೆ ಬಂದಿತ್ತು, ಎರಡನೆಯದರಲ್ಲಿ 16. ಈ ಅಂಕಿಗಳನ್ನು ನಾನು ಹೊಸದಾಗಿ ಸೇರುವ ಪ್ರತಿ ಕಿರಿಯ ಡಾಕ್ಟರ್‌ಗೂ ಹೇಳುತ್ತೇನೆ. ಪದೇ ಪದೇ ನೋಡುವುದೂ ಚಿಕಿತ್ಸೆಯೇ.

ಆಕೆಯನ್ನೂ ಹಾಗೇ ಕರೆಸಿ ನೋಡಿದೆವು. ಆರು ತಿಂಗಳಾದರೂ ನಾಲ್ಕು ಕೀಲುಗಳಲ್ಲಿ ಊತ ಇಳಿಯಲಿಲ್ಲ. ಕೀಲಿನಲ್ಲಿ ಉರಿ ಎಬ್ಬಿಸುವ ಟಿಎನ್‌ಎಫ್ ಎಂಬ ವಸ್ತುವನ್ನು ತಡೆಯುವ ಇಂಜೆಕ್ಷನ್ ಸೇರಿಸಬೇಕಾಯಿತು. ಲಂಡನ್‌ನಲ್ಲಿ ರವೀಂದರ್ ಮೈನಿ ಮತ್ತು ಮಾರ್ಕ್ ಫೆಲ್ಡ್‌ಮನ್ 1992ರಲ್ಲಿ ರೋಗಿಗಳಿಗೆ ಕೊಟ್ಟು ನೋಡಿದ ಬಗೆಯ ಔಷಧಿ ಇದು. ಕೀಲಿನಲ್ಲಿ ಉರಿ ಎಬ್ಬಿಸುವ ಹತ್ತಾರು ವಸ್ತುಗಳಿವೆ, ಒಂದನ್ನು ತಡೆದರೆ ಏನಾದೀತು ಎಂದು ಹಲವರು ಅನುಮಾನ ಪಟ್ಟಿದ್ದ ಕಾಲ ಅದು. ಆ ಒಂದನ್ನು ತಡೆದದ್ದಕ್ಕೇ ಊತ ಇಳಿಯಿತು. ಆದರೆ ಇದೇ ಟಿಎನ್‌ಎಫ್ ನಮ್ಮ ಮೈಯಲ್ಲಿ ಅಡಗಿ ಕೂತ ಕ್ಷಯದ ಕ್ರಿಮಿಯ ಸುತ್ತ ಗೋಡೆ ಕಟ್ಟಿ ನಿಲ್ಲಿಸಿರುತ್ತದೆ. ಔಷಧಿ ಕೊಟ್ಟಾಗ ಆ ಗೋಡೆಯೂ ಸಡಿಲ ಆಗಬಹುದು. ಅದಕ್ಕೇ ಮೊದಲು ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ. ಆಕೆಯ ಪರೀಕ್ಷೆ ಪಾಸಿಟಿವ್ ಬಂತು. ಕೆಮ್ಮಿಲ್ಲ, ಜ್ವರ ಇಲ್ಲ, ಎದೆಯ ಎಕ್ಸ್‌ರೇ ಸರಿಯಾಗೇ ಇತ್ತು. ಆದರೂ ತಡೆಯುವ ಮಾತ್ರೆ ಶುರು ಮಾಡಿ, ಒಂದು ತಿಂಗಳು ಕಾದು, ಆಮೇಲೆ ಇಂಜೆಕ್ಷನ್ ಕೊಟ್ಟೆವು. ಅವಸರ ಮಾಡಬೇಕಾದ ಜಾಗ ಬೇರೆ, ಕಾಯಬೇಕಾದ ಜಾಗ ಬೇರೆ.

"ಮಾತ್ರೆ ರೂಪದಲ್ಲೇ ಹೊಸದು ಬಂದಿದೆಯಂತಲ್ಲ?" ಎಂದು ಆಗ ಅವರು ಕೇಳಿದ್ದರು. ಬಂದಿದೆ. ಜಾಕ್ ಇನ್‌ಹಿಬಿಟರ್ ಎಂಬ ಬಗೆಯ ಮಾತ್ರೆಗಳಲ್ಲಿ ಒಂದಾದ ಟೋಫಾಸಿಟಿನಿಬ್‌ಗೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಬೇಗ ಕೆಲಸ ಮಾಡುತ್ತದೆ. ಆದರೆ 50 ದಾಟಿದ, ಹೃದಯದ ಅಪಾಯವೂ ಇರುವವರಲ್ಲಿ ಟಿಎನ್‌ಎಫ್ ಔಷಧಿಗೆ ಹೋಲಿಸಿದಾಗ ಹೃದಯಾಘಾತ, ಕ್ಯಾನ್ಸರ್ ಸ್ವಲ್ಪ ಹೆಚ್ಚು ಕಂಡಿದ್ದರಿಂದ 2021ರಲ್ಲಿ ಅಲ್ಲಿ ಎಚ್ಚರಿಕೆ ಬಿಗಿ ಮಾಡಿದರು. ಯಾರಿಗೆ ಯಾವುದು ಎನ್ನುವುದನ್ನು ಅವರ ವಯಸ್ಸು, ಬೇರೆ ಕಾಯಿಲೆ ನೋಡಿಯೇ ಹೇಳಬೇಕು.

ಆಕೆ ಈಗ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಬಲಗೈಯ ಉಂಗುರದ ಬೆರಳು ಕಿರುಬೆರಳಿನ ಕಡೆಗೆ ಸ್ವಲ್ಪ ವಾಲಿದೆ. ಅದು ಇನ್ನು ನೆಟ್ಟಗಾಗುವುದಿಲ್ಲ. ಅಗಲ ಹಿಡಿಯ ಕತ್ತರಿ ತಂದುಕೊಂಡು ಮತ್ತೆ ಹೊಲಿಯುತ್ತಿದ್ದಾರೆ. ಹೋದ ಸಲ ಬಂದಾಗ ನಾನು ಹೇಳುವ ಮೊದಲೇ ಎರಡೂ ಕೈ ಮೇಜಿನ ಮೇಲಿಟ್ಟರು. ಭುಜದಿಂದ ಮಂಡಿವರೆಗೆ 28 ಕೀಲುಗಳನ್ನು ಒಂದೊಂದಾಗಿ ಒತ್ತಿದೆ. ಎಲ್ಲೂ ಊತ ಇಲ್ಲ. ಆ 28ರ ಲೆಕ್ಕದಲ್ಲಿ ಪಾದ ಬರುವುದಿಲ್ಲ. "ಕಾಲು ಹೇಗಿದೆ?" ಎಂದೆ. "ಒಂದು ವಾರದಿಂದ ಬೆಳಗ್ಗೆ ಕಲ್ಲಿನ ಮೇಲೆ ನಡೆದ ಹಾಗೆ ಆಗುತ್ತೆ. ಇದನ್ನೂ ಹೇಳಬೇಕಾ?" ಅಂದರು.

"ಚಪ್ಪಲಿ ಬಿಚ್ಚಿ ಅಮ್ಮಾ" ಎಂದು ಸ್ಟೂಲನ್ನು ಅವರ ಕಾಲಿನ ಹತ್ತಿರ ಎಳೆದುಕೊಂಡು ಕುಳಿತೆ.